ಮರದ ಎದುರು ನಿಂತಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮರ ಮತ್ತು ಕಾಡಿನ ಫೋಟೊಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದಕ್ಕೆ ಕೊಡಗಿನ ಮೂಲೆ ಮೂಲೆಗಳಿಂದ ಪತ್ರಗಳು ಬಂದಿವೆ. ಯಾವ ಕ್ಯಾಮೆರಾ ಕೊಳ್ಳಲಿ ಎಂಬ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡಿದ್ದೇನೆ. ಮರದ ಎದುರು ನಿಂತು ಫೋಟೊ ತೆಗೆದು, ಮನೆಗೆ ಬಂದು ನೋಡಿ ಬೇಸರಪಟ್ಟವರಿಗೆ ಮೊದಲು ಉತ್ತರಿಸುವುದು ನ್ಯಾಯ. ಕಕ್ಕಬ್ಬೆ ಕಡೆಯ ತೋಟದ ಮನೆಯಲ್ಲಿ ಕುಳಿತು ಬರೆಯುತ್ತಿರುವುದರಿಂದ ಉದಾಹರಣೆಗಳೆಲ್ಲ ಇಲ್ಲಿಯ ಮರಗಳವೇ.

ಪ್ರಶ್ನೆ: ನಮ್ಮೂರಿನ ದೇವರಕಾಡಿನಲ್ಲಿ ಬಹಳ ಎತ್ತರದ ಧೂಪದ ಮರವಿದೆ. ಬುಡದಿಂದ ತುದಿಯವರೆಗೆ ತೆಗೆಯಲು ಹೋದರೆ ಮರ ಹಿಂದಕ್ಕೆ ವಾಲಿ ಬೀಳುವಂತೆ ಕಾಣುತ್ತದೆ. ನೇರವಾಗಿ, ಪೂರ್ತಿಯಾಗಿ ತೆಗೆಯುವುದು ಹೇಗೆ?
— ಕೃಷಿಕರು, ನಾಪೋಕ್ಲು

ಉತ್ತರ: ಕ್ಯಾಮೆರಾದ ಮುಖ ಮೇಲಕ್ಕೆ ಎತ್ತಿದ ಕೂಡಲೇ ಒಳಗಿನ ಸೆನ್ಸರ್ ಕಾಂಡಕ್ಕೆ ಸಮಾನಾಂತರವಾಗಿ ಉಳಿಯುವುದಿಲ್ಲ. ನೇರ ಗೆರೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಮರ ವಾಲುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ ವಾಲುವುದಿಲ್ಲ, ಆದರೆ ತುದಿ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಆದ್ದರಿಂದ ನೀವು ಹಿಂದೆ ಸರಿಯಬೇಕು, ಜೊತೆಗೆ ಮೇಲಕ್ಕೂ ಏರಬೇಕು. ಮರದ ಅರ್ಧ ಎತ್ತರಕ್ಕೆ ಸಮನಾಗಿ ನಿಂತರೆ ಕ್ಯಾಮೆರಾ ಎತ್ತುವ ಪ್ರಮೇಯವೇ ಬರುವುದಿಲ್ಲ.

ಬಯಲುಸೀಮೆಯವರಿಗೆ ಇದು ಕಷ್ಟ. ನಮಗೆ ನೆಲವೇ ಅನುಕೂಲ ಮಾಡಿಕೊಟ್ಟಿದೆ. ಕೆಳಗೆ ಗದ್ದೆ, ಅದರ ಎರಡು ಬದಿಗೆ ಏರುವ ಬಾಣೆ, ಇದು ಕೊಡಗಿನ ಊರುಗಳ ವಿನ್ಯಾಸ. ಮರ ಒಂದು ಬದಿಯ ಬಾಣೆಯಲ್ಲಿದ್ದರೆ ನೀವು ಗದ್ದೆ ದಾಟಿ ಎದುರಿನ ಏರು ಹತ್ತಿ. ನಡುವೆ ಗದ್ದೆಯಿರುವುದರಿಂದ ಅಡ್ಡ ಬರುವ ಕೊಂಬೆಗಳಿಲ್ಲ. 85ರಿಂದ 135 ಮಿ.ಮೀ. ಲೆನ್ಸ್ ಹಾಕಿದರೆ ಮರ ತನ್ನ ನಿಜವಾದ ಆಕಾರದಲ್ಲಿ ನಿಲ್ಲುತ್ತದೆ. ನಮ್ಮ ಮನೆಯ ಹಿಂದಿನ ಬಾಣೆಯಲ್ಲಿ ಒಂದು ಹೆಬ್ಬಲಸು ಇದೆ. ಅಂಗಳದಿಂದ ಕತ್ತೆತ್ತಿ ನೋಡಿದರೆ ಬರೀ ಎಲೆಗಳ ಗುಂಪು. ಎದುರಿನ ಏರಿನಿಂದ ನೋಡಿದರೆ ಕಾಂಡ ಮುಕ್ಕಾಲು ಪಾಲು ಬೋಳಾಗಿ, ನೆಟ್ಟಗೆ ಏರಿ, ಸುತ್ತಲಿನ ಮರಗಳನ್ನೆಲ್ಲ ದಾಟಿದ ಮೇಲೆ ಕೊಡೆ ಬಿಚ್ಚಿರುವುದು ಕಾಣುತ್ತದೆ. ಅದು ಬೆಳಕಿಗಾಗಿ ಮೇಲೇರಿದ ಬಗೆಯೆಲ್ಲ ಆ ಒಂದು ಚಿತ್ರದಲ್ಲಿ ತಿಳಿಯುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಎಲ್ಲಿ ಬೇಕಾದರೂ ನಡೆಯಬಹುದು, ಈ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು.

ಎದುರು ಏರಿಲ್ಲದಿದ್ದರೆ ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದು ಬುಡದಿಂದ ಮೇಲಕ್ಕೆ ಸಾಲಾಗಿ ಚಿತ್ರ ತೆಗೆಯಿರಿ. ಪ್ರತಿ ಚಿತ್ರವೂ ಹಿಂದಿನದರ ಮೂರನೇ ಒಂದು ಭಾಗವನ್ನು ಒಳಗೊಂಡಿರಲಿ. ಎಕ್ಸ್‌ಪೋಶರ್, ಫೋಕಸ್ ಎರಡನ್ನೂ ಬದಲಾಗದಂತೆ ಕಟ್ಟಿಹಾಕಿ. ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿ ನೇರಗೊಳಿಸಬಹುದು. ನೇರಗೊಳಿಸುವಾಗ ಬದಿಗಳು ಕತ್ತರಿಸಿ ಹೋಗುತ್ತವೆ, ಆದ್ದರಿಂದ ಎರಡೂ ಕಡೆ ಧಾರಾಳವಾಗಿ ಜಾಗ ಬಿಡಿ.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಮರ ಪೂರ್ತಿ ಬರಲೇಬೇಕೆ? ಅದರ ಬುಡದ ಬಳಿ ಊರಿನ ಒಬ್ಬ ಹಿರಿಯರನ್ನು ನಿಲ್ಲಿಸಿ, ಅವರ ಪಾದದಿಂದ ತಲೆಯ ಮೇಲೆ ಒಂದಾಳುದ್ದದವರೆಗೆ ಮಾತ್ರ ತೆಗೆಯಿರಿ. ಕಾಂಡದ ಸುತ್ತಳತೆ ಎಷ್ಟೆಂದು ನೋಡುವವರಿಗೆ ಹೇಳಿಕೊಡಬೇಕಾಗುವುದಿಲ್ಲ. ತುದಿ ಕಾಣದಿದ್ದರೂ ಎತ್ತರ ಮನಸ್ಸಿಗೆ ಬರುತ್ತದೆ.

ದೇವರಕಾಡು ಎಂದಿದ್ದೀರಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದೊಂದರ ಕಟ್ಟುಪಾಡು ಒಂದೊಂದು ಬಗೆ. ದೇವತಕ್ಕರನ್ನು, ಅಂದರೆ ದೇವರ ಕೆಲಸ ನೋಡಿಕೊಳ್ಳುವ ಊರ ಹಿರಿಯರನ್ನು, ಕೇಳದೆ ಕ್ಯಾಮೆರಾ ಹೊರತೆಗೆಯಬೇಡಿ. ಎಲ್ಲಿಯವರೆಗೆ ಹೋಗಬಹುದು, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಅವರು ಹೇಳುತ್ತಾರೆ. ಅಡ್ಡ ಬಂದ ಕೊಂಬೆಯನ್ನು ಮುರಿಯುವುದಂತೂ ಬೇಡವೇ ಬೇಡ. ಕತ್ತಿ ತಾಗಿಸಬಾರದು ಎಂಬ ನಂಬಿಕೆಯಿಂದಲೇ ಆ ಧೂಪ ಇಷ್ಟು ಎತ್ತರ ಬೆಳೆದಿರುವುದು.

ಪ್ರಶ್ನೆ: ನನ್ನ ಬಳಿ ಮೊಬೈಲ್ ಮಾತ್ರ ಇದೆ. ಕಾಡು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಫೋಟೊದಲ್ಲಿ ಮಾತ್ರ ಎಲ್ಲ ಗಜಿಬಿಜಿ. ಏನು ಮಾಡಲಿ?
— ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಕಾಡಿನ ಫೋಟೊದಲ್ಲಿ ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ದೊಡ್ಡ ಕೆಲಸ. ಕಣ್ಣು ತನಗೆ ಬೇಡದ ಬಳ್ಳಿ, ಪೊದೆ, ತಂತಿಬೇಲಿಯನ್ನು ತಾನಾಗಿಯೇ ಮರೆಯುತ್ತದೆ, ಕ್ಯಾಮೆರಾ ಮರೆಯುವುದಿಲ್ಲ.

ಮೊಬೈಲಿನಲ್ಲಿ 0.5 ಎಂದು ತೋರಿಸುವ ಅಗಲದ ಲೆನ್ಸನ್ನು ಕಾಡಿನೊಳಗೆ ಬಳಸಬೇಡಿ. ಅದು ಎಲ್ಲವನ್ನೂ ಒಳಗೆ ತುಂಬಿ ಮರಗಳನ್ನು ಕಡ್ಡಿಗಳಾಗಿಸುತ್ತದೆ, ಅಂಚಿನ ಮರಗಳನ್ನು ಎಳೆದು ಬಗ್ಗಿಸುತ್ತದೆ. 2 ಅಥವಾ 3 ಎಂಬ ಲೆನ್ಸ್ ಇದ್ದರೆ ಅದರಲ್ಲಿ ನೋಡಿ. ಆಕಾಶದ ಬಿಳಿ ತುಂಡುಗಳು ಎಲೆಗಳ ನಡುವೆ ಇಣುಕದಂತೆ ಚೌಕಟ್ಟನ್ನು ಕೆಳಗಿಳಿಸಿ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ನಿಲ್ಲುತ್ತದೆ, ಆಮೇಲೆ ಬೆರಳನ್ನು ಸ್ವಲ್ಪ ಕೆಳಗೆ ಜಾರಿಸಿ ಬೆಳಕು ಇಳಿಸಿ. ಕಾಡು ಕಾಡಿನಷ್ಟೇ ಕತ್ತಲಾಗಿ ಇರಲಿ. ಎಲ್ಲ ನೆರಳನ್ನೂ ಬೆಳಗಿಸುವುದು ಮೊಬೈಲಿನ ಸ್ವಭಾವ, ಅದನ್ನು ನೀವು ತಡೆಯಬೇಕು. ಲೆನ್ಸಿನ ಮೇಲಿನ ಬೆರಳಚ್ಚನ್ನು ಮೊದಲು ಒರೆಸಿಕೊಳ್ಳಿ.

ಕಾಲೇಜಿನ ದಾರಿಯಲ್ಲಿರುವ ಯಾವುದಾದರೂ ಒಂದು ಮರವನ್ನು ಆರಿಸಿಕೊಳ್ಳಿ. ಅದರ ಹೆಸರು ಏನೆಂದು ತೋಟದ ಕೆಲಸದವರನ್ನು ಕೇಳಿ. ಯಾವಾಗ ಎಲೆ ಉದುರುತ್ತದೆ, ಯಾವಾಗ ಹೂ ಬಿಡುತ್ತದೆ, ಯಾವ ಹಕ್ಕಿ ಬರುತ್ತದೆ ಎಂದು ವರ್ಷವಿಡೀ ನೋಡಿ ತೆಗೆಯಿರಿ. ಆ ಮರದ ಗುಣ ನಿಮಗೆ ತಿಳಿಯುತ್ತಾ ಹೋದಂತೆ ಚೌಕಟ್ಟಿನಲ್ಲಿ ಏನಿರಬೇಕು ಎಂಬ ಗೊಂದಲ ಕಡಿಮೆಯಾಗುತ್ತದೆ.

ಪ್ರಶ್ನೆ: ಮಳೆ ನಿಂತ ಕೂಡಲೇ ತೋಟದಲ್ಲಿ ಫೋಟೊ ತೆಗೆಯುತ್ತೇನೆ. ಎಲೆಗಳ ಮೇಲೆಲ್ಲ ಬಿಳಿ ಹೊಳಪು, ಹಸಿರು ಸಪ್ಪೆ. ಬಿಸಿಲಿನಲ್ಲಿ ತೆಗೆದರೆ ಇನ್ನೂ ಕೆಟ್ಟದಾಗಿರುತ್ತದೆ.
— ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಬಿಸಿಲನ್ನು ಬಿಟ್ಟುಬಿಡಿ. ಎಲೆಗಳ ನಡುವೆ ಬಿದ್ದ ಬಿಸಿಲಿನ ಚುಕ್ಕೆ ಮತ್ತು ಪಕ್ಕದ ನೆರಳು ಇವೆರಡರ ಅಂತರ ಯಾವ ಕ್ಯಾಮೆರಾಕ್ಕೂ ಹೆಚ್ಚೇ. ಮಳೆ ನಿಂತು ಮೋಡ ಉಳಿದಿರುವ ಹೊತ್ತೇ ಮರಗಳಿಗೆ ಸರಿಯಾದ ಬೆಳಕು. ನೀವು ಹೊತ್ತನ್ನು ಸರಿಯಾಗಿಯೇ ಆರಿಸಿದ್ದೀರಿ, ಬೇಕಾಗಿರುವುದು ಪೋಲರೈಸರ್ ಫಿಲ್ಟರ್ ಒಂದೇ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಆಕಾಶದ ಪ್ರತಿಫಲನ. ಫಿಲ್ಟರನ್ನು ತಿರುಗಿಸುತ್ತಾ ಹೋದಂತೆ ಹೊಳಪು ಇಳಿದು ಕೆಳಗಿನ ಹಸಿರು ಮೇಲೆ ಬರುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಅಳಿಸಬೇಡಿ. ಸ್ವಲ್ಪ ಹೊಳಪು ಉಳಿಯದಿದ್ದರೆ ಮಳೆ ಬಂದದ್ದೇ ತಿಳಿಯುವುದಿಲ್ಲ. ಈ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಆದ್ದರಿಂದ ಟ್ರೈಪಾಡ್ ಬೇಕು. ಎಲೆ ಅಲುಗುತ್ತಿದ್ದರೆ ಗಾಳಿ ನಿಲ್ಲುವವರೆಗೆ ಕಾಯಬೇಕು.

ಬಣ್ಣದ ವಿಷಯ. ಮರಗಳ ಕೆಳಗೆ ಬರುವ ಬೆಳಕು ಎಲೆಗಳನ್ನು ಹಾದು ಬಂದದ್ದು, ಅದರಲ್ಲಿಯೇ ಹಸಿರಿದೆ. ಆ ಹಸಿರು ಕಾಂಡಕ್ಕೂ ನೆಲಕ್ಕೂ ಬಳಿದುಕೊಂಡಾಗ ಎಲೆ ಎದ್ದು ಕಾಣುವುದಿಲ್ಲ. ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆದುಕೊಂಡು, ಬಣ್ಣ ಸರಿಪಡಿಸುವಾಗ ಎಲೆಯನ್ನು ನೋಡಬೇಡಿ, ತೊಗಟೆಯನ್ನು ನೋಡಿ. ತೊಗಟೆ ನಿಜವಾದ ಬಣ್ಣಕ್ಕೆ ಬಂದರೆ ಹಸಿರು ತಾನಾಗಿ ಬರುತ್ತದೆ. ನಮ್ಮಲ್ಲಿ ಹಸಿರು ಒಂದೇ ಅಲ್ಲ. ಭತ್ತದ ಅಗೆಯ ಹಸಿರು ಹಳದಿಗೆ ಹತ್ತಿರ, ಕಾಫಿ ಎಲೆಯದು ಎಣ್ಣೆ ಸವರಿದಂಥ ಗಾಢ ಹಸಿರು, ಪಾಚಿಯದು ಇನ್ನೊಂದು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಈ ವ್ಯತ್ಯಾಸ ಸತ್ತುಹೋಗುತ್ತದೆ.

ತೊಗಟೆ ಎಂದಾಗ ಇನ್ನೂ ಒಂದು ಮಾತು. ನಿಮ್ಮ ತೋಟದಲ್ಲಿ ನಂದಿ ಮತ್ತು ಮತ್ತಿ ಎರಡೂ ಇದ್ದರೆ ಜೋರು ಮಳೆಯ ನಂತರ ಎರಡನ್ನೂ ಹತ್ತಿರದಿಂದ ನೋಡಿ. ನಂದಿಯ ತೊಗಟೆ ನುಣುಪು, ತೆಳ್ಳಗೆ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಕಳಚಿದ ಜಾಗ ಕೆನೆಯ ಬಣ್ಣ, ಹಳೆಯ ಜಾಗ ಬೂದು, ನೀರು ಇಳಿದ ದಾರಿ ಕಡುಕಂದು. ಒಂದೇ ಕಾಂಡದಲ್ಲಿ ಮೂರು ಬಣ್ಣ ಪಟ್ಟೆಪಟ್ಟೆಯಾಗಿರುತ್ತದೆ. ಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ಚೌಕ ಚೌಕವಾಗಿ ಬಿರಿದಿರುತ್ತದೆ, ನೀರು ಆ ಬಿರುಕುಗಳಲ್ಲಿ ನಿಂತು ಗೆರೆಗಳು ಕಪ್ಪಾಗುತ್ತವೆ. ನಂದಿಗೆ ಎದುರಿನಿಂದ ಬರುವ ಮೆತ್ತನೆಯ ಬೆಳಕು ಸಾಕು. ಮತ್ತಿಗೆ ಬದಿಯಿಂದ ಬೆಳಕು ಬೀಳಬೇಕು, ಇಲ್ಲದಿದ್ದರೆ ಬಿರುಕಿನ ಆಳ ಕಾಣುವುದಿಲ್ಲ. ಸಿಲ್ವರ್ ಓಕ್ ಸಾಲುಗಳು ಸುಲಭವಾಗಿ ಚೆಂದದ ಚಿತ್ರ ಕೊಡುತ್ತವೆ, ಎಲ್ಲರೂ ಅವನ್ನೇ ತೆಗೆಯುತ್ತಾರೆ. ಆಸ್ಟ್ರೇಲಿಯಾದಿಂದ ಬಂದ ಆ ಮರಗಳ ಸಾಲನ್ನು ತೆಗೆದು ‘ಕೊಡಗಿನ ಕಾಡು’ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ನೆರಳಿಗೆಂದು ಹಿರಿಯರು ಉಳಿಸಿದ ನಂದಿ, ಹೊನ್ನೆ, ಅತ್ತಿ, ಹಲಸು ನಿಮ್ಮ ತೋಟದಲ್ಲಿ ಇನ್ನೂ ಇದ್ದರೆ ಮರ ಕಪಾತು ಆಗುವ, ಅಂದರೆ ಕೊಂಬೆ ಕಡಿಯುವ, ಮೊದಲು ಅವುಗಳ ಕೊಂಬೆಗಳ ಹರವನ್ನು ಒಮ್ಮೆ ತೆಗೆದಿಡಿ.

ಪ್ರಶ್ನೆ: ಬೆಳಗಿನ ಮಂಜಿನಲ್ಲಿ ಮರಗಳನ್ನು ತೆಗೆದರೆ ಚಿತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕಿನ ಕೋಲುಗಳು ಬರುವುದೇ ಇಲ್ಲ.
— ಶಿಕ್ಷಕರು, ಸಿದ್ದಾಪುರ

ಉತ್ತರ: ಕ್ಯಾಮೆರಾದ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ನಡು ಬೂದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಬಿಳಿ ಮಂಜು ಅದರ ಲೆಕ್ಕದಲ್ಲಿ ಬೂದಿಯಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು, ಅಂದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗನ್ನು, +1ರ ಆಸುಪಾಸಿಗೆ ಇಟ್ಟರೆ ಮಂಜು ಮಂಜಿನ ಬಣ್ಣದಲ್ಲಿ ಉಳಿಯುತ್ತದೆ. ಹತ್ತಿರದಲ್ಲಿ ಕಡು ಬಣ್ಣದ ಒಂದು ಕಾಂಡ, ಅದರ ಹಿಂದೆ ತಿಳಿಯಾಗುತ್ತಾ ಹೋಗುವ ಮರಗಳು ಹೀಗೆ ಪದರ ಸಿಗುವ ಜಾಗ ಹುಡುಕಿ.

ಕೋಲುಗಳು ಎಲ್ಲ ಮಂಜಿನಲ್ಲೂ ಬರುವುದಿಲ್ಲ. ಮಳೆಗಾಲದ ಮಂಜು ಎಂದು ನಾವು ಕರೆಯುವುದು ಬೆಟ್ಟಕ್ಕೆ ತಾಗಿದ ಮೋಡವೇ. 1,748 ಮೀಟರಿನ ತಡಿಯಂಡಮೋಳಿನ ಇಳಿಜಾರಿನ, ಕಣಿವೆಯಲ್ಲಿ ಗಿಡ್ಡ ಮರಗಳು ಒತ್ತಾಗಿ ಬೆಳೆಯುವ ಶೋಲಾ ಕಾಡುಗಳಲ್ಲಿ ಅದು ದಿನಗಟ್ಟಲೆ ಕೂತಿರುತ್ತದೆ, ಸೂರ್ಯನೇ ಇಲ್ಲದ ಮೇಲೆ ಕೋಲು ಎಲ್ಲಿಂದ? ಚಳಿಗಾಲದ ಮಂಜು ಬೇರೆ. ರಾತ್ರಿ ಆಕಾಶ ತಿಳಿಯಾಗಿದ್ದು ನೆಲ ತಣ್ಣಗಾದಾಗ ಗದ್ದೆ ಬಯಲಿನಲ್ಲಿ ತುಂಬಿಕೊಳ್ಳುವ ಈ ಮಂಜು ಬಿಸಿಲು ತಾಗಿದಂತೆ ಮೇಲೆದ್ದು ತೋಟದ ಮರಗಳ ನಡುವೆ ನುಗ್ಗುತ್ತದೆ. ಆ ಸ್ವಲ್ಪ ಹೊತ್ತು ಮಾತ್ರ ಕೋಲುಗಳು. ಸೂರ್ಯನಿಗೆ ಎದುರಾಗಿ, ಸೂರ್ಯ ಒಂದು ದಪ್ಪ ಕಾಂಡದ ಮರೆಗೆ ಬರುವಂತೆ ನಿಂತುಕೊಳ್ಳಿ.

ನೀವು ಸಿದ್ದಾಪುರದವರು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿಯ ತೋಟಗಳಲ್ಲಿ ಆನೆಗಳು ಬೀಡು ಬಿಡುತ್ತವೆ. ಮಂಜಿನಲ್ಲಿ ಕೆಲವೇ ಮಾರು ದೂರದ ಆನೆಯೂ ಕಾಣುವುದಿಲ್ಲ, ಅದು ನಿಂತಲ್ಲೇ ನಿಂತರೆ ಸದ್ದೂ ಇರುವುದಿಲ್ಲ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತೋಟದ ಕಾರ್ಮಿಕರು ಇರುವ ಲೈನ್‌ಮನೆಯವರನ್ನು ಕೇಳದೆ, ಊರಿನ ವಾಟ್ಸ್ಆ್ಯಪ್ ಗುಂಪನ್ನು ನೋಡದೆ ತೋಟಕ್ಕೆ ಇಳಿಯಬೇಡಿ. ಒಬ್ಬರೇ ಹೋಗಬೇಡಿ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಡಿ. ಹಸಿ ಲದ್ದಿಯೋ ಆಗಷ್ಟೇ ಮುರಿದ ಬೈನೆ ಮರವೋ ಕಂಡರೆ ಅಲ್ಲಿಂದಲೇ ಹಿಂತಿರುಗಿ. ತೋಟದ ರಸ್ತೆಯಲ್ಲಿ, ವಾಹನದ ಪಕ್ಕದಲ್ಲಿ ನಿಂತು ತೆಗೆದ ಚಿತ್ರವೂ ಚೆನ್ನಾಗಿಯೇ ಬರುತ್ತದೆ.

ಪ್ರಶ್ನೆ: ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಹತ್ತಿರದ ಹಳೆಯ ಬೀಟೆ ಮರದ ಫೋಟೊ ಫೇಸ್‌ಬುಕ್ಕಿನಲ್ಲಿ ಹಾಕಿದೆ. ಜಾಗದ ಹೆಸರು ಹಾಕಿದ್ದಕ್ಕೆ ಚಿಕ್ಕಪ್ಪ ಗದರಿದರು. ತಪ್ಪೇನು?
— ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಚಿಕ್ಕಪ್ಪನ ಮಾತು ಸರಿ. ಬೀಟೆಗೆ ಕಳ್ಳರ ಕಣ್ಣು ಯಾವಾಗಲೂ ಇದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದ್ದಾರೆ ಎಂದರೆ ಅದರ ಬೇಡಿಕೆ ಎಷ್ಟೆಂದು ಯೋಚಿಸಿ. ಹಳೆಯ ಬೀಟೆ, ಶ್ರೀಗಂಧ, ಮರದ ಮೇಲಿನ ಆರ್ಕಿಡ್ ಇವುಗಳ ಚಿತ್ರಕ್ಕೆ ಜಿಲ್ಲೆಯ ಹೆಸರು ಸಾಕು. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಫೈಲಿನೊಳಗೇ ಜಾಗದ ಗುರುತು ಕೂತಿರುತ್ತದೆ. ಈಗ ಹಾಕಿರುವುದನ್ನು ಇವತ್ತೇ ತೆಗೆದುಬಿಡಿ.

ಪ್ರಶ್ನೆ: 2018ರ ಆಗಸ್ಟಿನಲ್ಲಿ ನಮ್ಮೂರಿನ ಬೆಟ್ಟ ಜರಿಯಿತು. ಈಗ ಆ ಜಾಗದಲ್ಲಿ ಹಸಿರು ಬರುತ್ತಿದೆ. ಇದನ್ನು ದಾಖಲಿಸಬೇಕೆಂಬ ಆಸೆ. ಹೇಗೆ ಮಾಡಲಿ?
— ಯುವಕ, ಮಡಿಕೇರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಜರಿದ ದಿನಗಳ ಚಿತ್ರಗಳು ಎಲ್ಲರ ಬಳಿಯೂ ಇವೆ. ಆಮೇಲೆ ಏನಾಯಿತು ಎಂಬ ಚಿತ್ರ ಯಾರ ಬಳಿಯೂ ಇಲ್ಲ ಎನ್ನುವಷ್ಟು ಕಡಿಮೆ.

ಎದುರಿನಿಂದ ಇಡೀ ಇಳಿಜಾರು ಕಾಣುವ, ಮುಂದೆಯೂ ಮನೆಯೋ ಮರವೋ ಅಡ್ಡ ಬರದ ಒಂದು ಜಾಗ ಹಿಡಿಯಿರಿ. ರಸ್ತೆಯ ಮೋರಿ, ಬಂಡೆ, ಮೈಲಿಗಲ್ಲು ಇಂಥ ಕದಲದ ಗುರುತಿನ ಪಕ್ಕದಲ್ಲಿರಲಿ. ಚಿತ್ರದೊಳಗೆ ಬೆಟ್ಟದ ನೆತ್ತಿಯ ಗೆರೆ ಬರಲೇಬೇಕು, ಮುಂದಿನ ಸಲ ಚೌಕಟ್ಟು ಹೊಂದಿಸಲು ಅದೇ ಆಧಾರ. ಲೆನ್ಸಿನ ಮಿ.ಮೀ., ಕ್ಯಾಮೆರಾದ ಎತ್ತರ, ತಿಂಗಳು, ಗಂಟೆ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡಿ. ಹಿಂದಿನ ಚಿತ್ರದ ಪ್ರಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯ ನಂತರ ತೆಗೆದರೆ ಸಾಕು.

ದೂರದ ಚಿತ್ರದ ಜೊತೆಗೆ ಹತ್ತಿರದ ಚಿತ್ರವೂ ಬೇಕು. ದೂರದಿಂದ ಎಲ್ಲ ಹಸಿರೂ ಕಾಡಿನಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಅದು ಲಂಟಾನವೋ, ಹುಲ್ಲೋ, ಜರೀಗಿಡವೋ, ನಿಜವಾಗಿ ಮರದ ಸಸಿಯೋ ಎಂದು ತಿಳಿಯುತ್ತದೆ. ನೆಟ್ಟ ಗಿಡ ಯಾವುದು, ತಾನಾಗಿ ಬಂದದ್ದು ಯಾವುದು ಎಂದು ಊರಿನವರನ್ನು ಕೇಳಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಆ ಇಳಿಜಾರಿನ ಮೇಲೆ ಕಾಲಿಡಬೇಡಿ, ಸಡಿಲ ಮಣ್ಣು ಇನ್ನೂ ಇರುತ್ತದೆ. ಮನೆ ಕಳೆದುಕೊಂಡವರ ಅಡಿಪಾಯ, ಉಳಿದ ಗೋಡೆ ಚೌಕಟ್ಟಿನೊಳಗೆ ಬರುವುದಾದರೆ ಆ ಕುಟುಂಬದವರ ಅನುಮತಿ ಪಡೆಯಿರಿ. ಅವರು ಬೇಡವೆಂದರೆ ಬೇರೆ ಜಾಗದಿಂದ ತೆಗೆಯಿರಿ.

ಪ್ರಶ್ನೆ: ಮರಗಳ ಫೋಟೊಗಾಗಿಯೇ ಕೊಡಗಿಗೆ ಬರಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು?
— ದಂಪತಿ, ಬೆಂಗಳೂರು

ಉತ್ತರ: ಫೆಬ್ರವರಿಯಲ್ಲಿ ಬನ್ನಿ ಎನ್ನುತ್ತೇನೆ, ಆಗ ಪ್ರವಾಸಿಗರು ಹಸಿರಿಲ್ಲವೆಂದು ಗೊಣಗುತ್ತಾರೆ. ನಾಗರಹೊಳೆಯ ಕಾಡಿನಲ್ಲಿ ಎಲೆ ಉದುರಿ ಮರಗಳ ಕೊಂಬೆಯ ವಿನ್ಯಾಸ ಬಿಡಿಬಿಡಿಯಾಗಿ ಕಾಣುತ್ತದೆ. ತೋಟಗಳಲ್ಲಿ ಹಾಲುವಾಣ ಕೆಂಪು ಹೂ ಬಿಟ್ಟಿರುತ್ತದೆ. ನಾಗಸಂಪಿಗೆಯಂಥ ನಿತ್ಯಹಸಿರು ಮರಗಳ ಚಿಗುರು ತಾಮ್ರದ ಕೆಂಪಿನಲ್ಲಿರುತ್ತದೆ, ಬೆಳಕು ಎಲೆಯ ಹಿಂದಿನಿಂದ ಬರುವಂತೆ ನಿಂತು ನೋಡಿ. ಕಾಫಿ ಹೂ ಬೇಕಿದ್ದರೆ ಹೂ ಅರಳಿಸುವ ಹೂಮಳೆ ಬಿದ್ದ ಸುದ್ದಿ ತಿಳಿದ ಮೇಲೆ ಒಂದು ವಾರ, ಹತ್ತು ದಿನದೊಳಗೆ ಹೊರಡಬೇಕು, ಹೂ ಎರಡು ಮೂರು ದಿನದಲ್ಲಿ ಬಾಡುತ್ತದೆ. ಮೇ ಕೊನೆ, ಜೂನ್ ಮೊದಲಲ್ಲಿ ಹಳೆಯ ಮರಗಳ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಜೋತುಬಿದ್ದಿರುತ್ತದೆ. ಜುಲೈ ತಿಂಗಳು ಪಾಚಿ ಮತ್ತು ಜರೀಗಿಡಗಳದ್ದು, ಜಿಗಣೆಗಳದ್ದೂ ಹೌದು.

ನಾಗರಹೊಳೆಯಲ್ಲಿ ಸಫಾರಿ ವಾಹನದಿಂದ ಇಳಿಯುವಂತಿಲ್ಲ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಜೀವಿ ಧಾಮಗಳು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಡ್ರೋನ್ ತರಲೇಬೇಡಿ. ಕಾಫಿ ತೋಟ ರಸ್ತೆಬದಿಯಲ್ಲಿದ್ದರೂ ಒಬ್ಬರ ಮನೆಯ ಅಂಗಳವಿದ್ದಂತೆಯೇ, ಕೇಳಿ ಒಳಗೆ ಬನ್ನಿ. ಕೇಳಿದವರಿಗೆ ಹೆಚ್ಚಿನವರು ಕಾಫಿಯನ್ನೂ ಕೊಟ್ಟು ಕಳುಹಿಸುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರದಂತೆ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೆ?
— ಗೃಹಿಣಿ, ಸೋಮವಾರಪೇಟೆ

ಉತ್ತರ: ಬೇಡ. ಹೊಗೆ, ಎಣ್ಣೆಯ ಜಿಡ್ಡು ಲೆನ್ಸಿನೊಳಗೆ ಸೇರುತ್ತದೆ. ಅಕ್ಕಿ ಡಬ್ಬಿಯೂ ಬೇಡ, ಅದರ ಹುಡಿ ಕ್ಯಾಮೆರಾಕ್ಕೆ ಕೆಟ್ಟದ್ದು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇರಲಿ. ಅದು ಶೇ. 40ರಿಂದ 50ರ ನಡುವೆ ನಿಂತರೆ ಸರಿ. ಜೆಲ್ ಬಣ್ಣ ಬದಲಾಯಿಸಿದಾಗ ತೆಗೆದು ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ಬಟ್ಟೆಯ, ಚರ್ಮದ ಕ್ಯಾಮೆರಾ ಚೀಲದಲ್ಲಿ ಮಾತ್ರ ಮಳೆಗಾಲ ಕಳೆಯಬೇಡಿ. ಬೂಷ್ಟು ಹುಟ್ಟುವುದೇ ಅಲ್ಲಿ.

ಪ್ರಶ್ನೆ: ನಾನು ತೆಗೆದ ಮರದ ಚಿತ್ರವನ್ನು ಗೋಡೆಗೆ ಹಾಕಿಸಿದೆ. ಒಂದೇ ಮಳೆಗಾಲದಲ್ಲಿ ಕಾಗದ ಅಲೆಯಾಗಿ ಗಾಜಿಗೆ ಅಂಟಿಕೊಂಡಿತು.
— ನಿವೃತ್ತ ನೌಕರರು, ಭಾಗಮಂಡಲ

ಉತ್ತರ: ಭಾಗಮಂಡಲದ ಮಳೆಗೆ ಇದು ಆಗುವಂಥದ್ದೇ. ಹೊಳಪಿನ ಕಾಗದದ ಬದಲು ಮ್ಯಾಟ್ ಕಾಗದದಲ್ಲಿ ಮುದ್ರಿಸಿ. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ, ಕಾಗದ ಗಾಜಿಗೆ ತಾಗಬಾರದು. ಕಾಗದವನ್ನು ನಾಲ್ಕು ಬದಿಗೂ ಅಂಟಿಸಬಾರದು, ಮೇಲಿನ ಅಂಚಿಗೆ ಮಾತ್ರ ಅಂಟಿಸಿದರೆ ತೇವದಲ್ಲಿ ಹಿಗ್ಗಲು ಅದಕ್ಕೆ ಜಾಗವಿರುತ್ತದೆ. ಮಳೆ ಹೊಡೆಯುವ ಹೊರಗೋಡೆಯಲ್ಲಿ ಹಾಕದೆ ಒಳಗೋಡೆಯಲ್ಲಿ ಹಾಕಿ. ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಚಿತ್ರದ ಹಿಂದೆ ಮರದ ಹೆಸರು, ಊರು, ತೆಗೆದ ತಿಂಗಳು ಮತ್ತು ವರ್ಷವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ.